ಕೈಪಿಡಿಯನ್ನು ಯಾರು ಬರೆಯಬೇಕು?

(ಕಾರ್ಮಿಕರ ಸಂಜೆ ಶಾಲೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಬೆಳಗಿನ ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯನ್ನು ಮಕ್ಕಳ ಕೈಗೆ ಬಿಟ್ಟು ಬಂದವರೂ ಇದ್ದೀರಿ. ಆದುದರಿಂದ ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಒಂದೇ ವಿಷಯವನ್ನು ತಮ್ಮ ಮುಂದೆ ಇಡುತ್ತೇನೆ. ಕೊನೆಗೆ ಒಂದು ಕೆಲಸವನ್ನೂ ತಮ್ಮಿಂದ ಬೇಡುತ್ತೇನೆ.

ಪಕ್ಕದ ಕೋಣೆಯಲ್ಲಿ ಆರು ಕಂಪ್ಯೂಟರುಗಳಿವೆ. ಯಾವುದೋ ಕಚೇರಿಯವರು ಬೇಡವೆಂದು ತೆಗೆದುಹಾಕಿದ ಹಳೆಯ ಯಂತ್ರಗಳು. ನಮ್ಮ ಹುಡುಗರು ರಿಪೇರಿ ಮಾಡಿ ನಿಲ್ಲಿಸಿದ್ದಾರೆ. ಅವುಗಳೊಳಗಿನ ತಂತ್ರಾಂಶಕ್ಕೆ ನಾವು ಒಂದು ಕಾಸನ್ನೂ ಕೊಟ್ಟಿಲ್ಲ. ಕದ್ದು ತಂದದ್ದೂ ಅಲ್ಲ. ಮಕ್ಕಳಿಗೆ ಅಕ್ಷರ, ಲೆಕ್ಕ, ಆಟಗಳನ್ನು ಕಲಿಸುವ ಜೀಕಾಂಪ್ರಿ ಇದೆ. ಚಿತ್ರ ಬರೆಯುವ ಟಕ್ಸ್ ಪೇಂಟ್ ಇದೆ. ಪರದೆಯ ಮೇಲಿನ ಆಮೆಗೆ ಅಪ್ಪಣೆ ಕೊಟ್ಟು ಗೆರೆ ಎಳೆಸುವ ಟರ್ಟಲ್ ಬ್ಲಾಕ್ಸ್ ಇದೆ. ಆದರೂ ಕಳೆದ ತಿಂಗಳಲ್ಲಿ ನಾನು ಐದು ಸಲ ಬಂದು ನೋಡಿದೆ. ಮೂರು ಸಲ ಆ ಕೋಣೆಗೆ ಬೀಗ. ಕಾರಣ ಕೇಳಿದೆ. ಯಂತ್ರ ಕೆಟ್ಟಿಲ್ಲ, ಕರೆಂಟು ಹೋಗಿಲ್ಲ. ಅವನ್ನು ನಡೆಸಬಲ್ಲವರು ಇಬ್ಬರೇ ಇದ್ದಾರೆ; ಆ ಇಬ್ಬರಿಗೂ ಎರಡನೆಯ ಪಾಳಿ ಬಿದ್ದ ವಾರ ಕೋಣೆಗೆ ಬೀಗ ಬೀಳುತ್ತದೆ!

ಇಬ್ಬರು ಮಾತ್ರ ಬಲ್ಲ ವಿದ್ಯೆ ಆ ಇಬ್ಬರ ಜೊತೆಗೇ ಬರುತ್ತದೆ, ಅವರ ಜೊತೆಗೇ ಹೋಗುತ್ತದೆ. ವ್ಯಾಪಾರಿ ಮಿತ್ರರಿಗೆ ಇದು ಗೊತ್ತಿದ್ದದ್ದೇ. ಖಾತೆ ಪುಸ್ತಕವನ್ನು ತನಗೊಬ್ಬನಿಗೇ ತಿಳಿಯುವ ಗುರುತುಗಳಲ್ಲಿ ಬರೆದಿಟ್ಟ ಯಜಮಾನ ಹಾಸಿಗೆ ಹಿಡಿದರೆ ಮರುದಿನದಿಂದ ವಸೂಲಿ ನಿಲ್ಲುತ್ತದೆ. ನನ್ನ ಇಂದಿನ ಮಾತು ಇಷ್ಟೇ: ಸಾಧನ ಕೈಗೆ ಬಂದರೆ ಸಾಲದು, ಅದನ್ನು ಬಳಸುವ ಬಗೆಯನ್ನು ಬಳಸುವವರೇ ಕೂಡಿ, ತಮ್ಮ ಮಾತಿನಲ್ಲಿ ಬರೆದಿಟ್ಟುಕೊಂಡ ದಿನವೇ ಅದು ತಮ್ಮದಾಗುವುದು.

ಉಚಿತ ಬೇರೆ, ಸ್ವತಂತ್ರ ಬೇರೆ

ತಂತ್ರಾಂಶವೆಂದರೆ ಯಂತ್ರಕ್ಕೆ ಕೊಡುವ ಅಪ್ಪಣೆಗಳ ಸಾಲು. ಅದನ್ನು ಮಾರುವ ಕಂಪನಿಗಳು ಸಾಮಾನ್ಯವಾಗಿ ಆ ಸಾಲನ್ನು ಗುಟ್ಟಾಗಿಡುತ್ತವೆ. ನೀವು ಬಳಸಬಹುದು, ಬಿಚ್ಚಿ ನೋಡುವಂತಿಲ್ಲ, ನೆರೆಯವನಿಗೆ ಕೊಡುವಂತಿಲ್ಲ. ಈ ಪದ್ಧತಿಗೆ ಎದುರಾಗಿ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದರು. ಬೇಕಾದ ಕೆಲಸಕ್ಕೆ ಬಳಸುವುದು, ಬಿಚ್ಚಿ ನೋಡಿ ತಿದ್ದುವುದು, ನಕಲು ಹಂಚುವುದು, ತಿದ್ದಿದ್ದನ್ನೂ ಹಂಚುವುದು, ಈ ನಾಲ್ಕು ಸ್ವಾತಂತ್ರ್ಯಗಳು ಬಳಸುವವನಿಗೆ ಇರಬೇಕೆಂಬುದು ಅವರ ವಾದ.

ಇಂಗ್ಲಿಷಿನಲ್ಲಿ ಇದಕ್ಕೆ 'ಫ್ರೀ' ಎಂದು ಹೆಸರು. ಬೆಲೆಯಿಲ್ಲದ್ದೋ ಬಂಧನವಿಲ್ಲದ್ದೋ ಎಂದು ಅವರು ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ. ಕನ್ನಡಕ್ಕೆ ಆ ತೊಡಕಿಲ್ಲ. ಜಾತ್ರೆಯಲ್ಲಿ ಹಂಚುವ ಪಾನಕ ಉಚಿತ. ಹಂಚುವವನು ಎದ್ದು ಹೋದರೆ ಮುಗಿಯಿತು. ಎಲ್ಲ ಜಾತಿಯವರೂ ಕೊಡ ಅದ್ದಬಹುದಾದ, ಎಲ್ಲರೂ ಸೇರಿ ಹೂಳೆತ್ತಬೇಕಾದ ಕೆರೆ ಸ್ವತಂತ್ರ. ನಮ್ಮ ಆರು ಯಂತ್ರಗಳಲ್ಲಿರುವುದು ಕೆರೆ, ಪಾನಕವಲ್ಲ. ಜೀಕಾಂಪ್ರಿಯನ್ನು 2000ದಲ್ಲಿ ಫ್ರಾನ್ಸಿನ ಬ್ರೂನೋ ಕುಡೋಯಿನ್ ಆರಂಭಿಸಿದರು. ಫ್ರೆಂಚ್ ಭಾಷೆಯಲ್ಲಿ 'ನನಗೆ ಅರ್ಥವಾಯಿತು' ಎಂಬ ಮಾತಿನ ಉಚ್ಚಾರವೇ ಅದರ ಹೆಸರು. ಟಕ್ಸ್ ಪೇಂಟನ್ನು 2002ರಲ್ಲಿ ಅಮೆರಿಕದ ಬಿಲ್ ಕೆಂಡ್ರಿಕ್ ಆರಂಭಿಸಿದರು. ಅಲ್ಲಿಂದೀಚೆಗೆ ಎರಡನ್ನೂ ಬೆಳೆಸಿದವರು ನಾನಾ ದೇಶಗಳ ಸ್ವಯಂಸೇವಕರು.

ಆದರೆ ಕೆರೆಗೆ ಮೆಟ್ಟಿಲು ಬೇಕು. ಮೆಟ್ಟಿಲಿಲ್ಲದ ಕೆರೆಯಲ್ಲಿ ಈಜು ಬಲ್ಲವನು ಮಾತ್ರ ನೀರು ತರುತ್ತಾನೆ. ಸ್ಟಾಲ್ಮನ್ನರೇ ಈ ಕೊರತೆಯನ್ನು ಕಂಡು, ತಮ್ಮಲ್ಲಿ ಕಡಿಮೆಯಾಗಿರುವುದು ತಂತ್ರಾಂಶವಲ್ಲ, ಹಂಚಬಹುದಾದ, ತಿದ್ದಬಹುದಾದ ಒಳ್ಳೆಯ ಕೈಪಿಡಿ ಎಂದು ಬರೆದರು. ತಂತ್ರಾಂಶ ಸ್ವತಂತ್ರವಾಗಿದ್ದು ಅದರ ಕೈಪಿಡಿ ಮಾತ್ರ ಒಬ್ಬ ಪ್ರಕಾಶಕನ ಸ್ವತ್ತಾದರೆ ಪ್ರಯೋಜನವೇನು? ಹೀಗಾಗಿ ಕೈಪಿಡಿಗಳಿಗಾಗಿಯೇ ಒಂದು ಪರವಾನಗಿಯನ್ನು 2000ದಲ್ಲಿ ಅವರ ಸಂಸ್ಥೆ ಹೊರತಂದಿತು.

ನಾನು ಮಾಡಿದ ತಪ್ಪು

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ನಾನು ಮೆಟ್ರಿಕ್ ಆದವನು. ಅದಕ್ಕಿಂತ ಹೆಚ್ಚಿನ ಓದು ನನಗಿಲ್ಲ. ಮೊದಲು ಒಂದು ಸಣ್ಣ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಅಲ್ಲಿಗೆ ದಾನಿಗಳೊಬ್ಬರು ನಾಲ್ಕು ಕಂಪ್ಯೂಟರು ಕಳಿಸಿದರು. ಜೊತೆಗೆ ಇಟ್ಟಿಗೆ ಗಾತ್ರದ ಒಂದು ಇಂಗ್ಲಿಷ್ ಪುಸ್ತಕ. ಹಾರ ಹಾಕಿದ್ದಾಯಿತು, ಫೋಟೋ ತೆಗೆದದ್ದಾಯಿತು. ಮರುದಿನ ಮುಖ್ಯೋಪಾಧ್ಯಾಯರು, ಕೆಟ್ಟರೆ ಯಾರು ಹೊಣೆ ಎಂದು ಬೀಗ ಹಾಕಿದರು. ಎರಡು ವರ್ಷ ಆ ಬೀಗ ತೆಗೆಯಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಓದಲಾಗದ ಪುಸ್ತಕದ ಜೊತೆ ಬಂದ ಯಂತ್ರಕ್ಕೆ ಹೆದರುವುದು ಸಹಜ.

ಕೊನೆಗೆ ನಾನು ಕೀಲಿ ಕೇಳಿ ತೆಗೆದುಕೊಂಡೆ. ಏಳನೆಯ ತರಗತಿಯ ಒಬ್ಬ ಹುಡುಗನ ಸಹಾಯದಿಂದ ತಡಕಾಡಿ ಕಲಿತೆ. ಕಲಿತದ್ದನ್ನು ಪರೀಕ್ಷೆಯ ಹಳೆಯ ಉತ್ತರಪತ್ರಿಕೆಗಳ ಹಿಂಬದಿಯಲ್ಲಿ ಬರೆದೆ. ಹದಿನಾಲ್ಕು ಪುಟದ ಕನ್ನಡ ಕೈಪಿಡಿಯಾಯಿತು. ಸ್ವಂತ ಖರ್ಚಿನಲ್ಲಿ ಐವತ್ತು ಪ್ರತಿ ಜೆರಾಕ್ಸ್ ಮಾಡಿಸಿ, ಮೊದಲ ಪುಟದಲ್ಲಿ ನನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಸಿದೆ. ಆ ಹುಡುಗನ ಹೆಸರನ್ನು ಹಾಕಲಿಲ್ಲ. ಯಾರಿಗೂ ತೋರಿಸಿ ತಿದ್ದಿಸಲಿಲ್ಲ.

ಮರುವರ್ಷ ತಂತ್ರಾಂಶದ ಹೊಸ ಆವೃತ್ತಿ ಬಂತು. ಗುಂಡಿಗಳು ಜಾಗ ಬದಲಾಯಿಸಿದವು. ನಾನು ಅಷ್ಟರಲ್ಲಿ ಶಾಲೆ ಬಿಟ್ಟು ಸಂಘಟನೆಯ ಕೆಲಸಕ್ಕೆ ಬಂದಿದ್ದೆ. ನನ್ನ ಕೈಪಿಡಿ 'ಎಡಗಡೆ ಮೇಲೆ ಒತ್ತಿ' ಎನ್ನುತ್ತಿತ್ತು. ಅಲ್ಲಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಅದನ್ನು ತಿದ್ದಲು ಬೇರೆಯವರಿಗೆ ಅಧಿಕಾರವಿಲ್ಲ, ಮೂಲ ಪ್ರತಿಯೂ ಇಲ್ಲ. ಕೆಲ ಕಾಲದ ಮೇಲೆ ಅದೇ ಊರಿನ ಒಂದು ಅಂಗಡಿಯಲ್ಲಿ ಕಡಲೆಕಾಯಿ ಕೊಂಡೆ. ಪೊಟ್ಟಣ ಬಿಚ್ಚಿ ನೋಡುತ್ತೇನೆ, ನನ್ನದೇ ಹೆಸರು! ಅಂಗಡಿಯಾತನ ತಪ್ಪಲ್ಲ. ಒಬ್ಬನೇ ಬರೆದು, ಒಬ್ಬನೇ ಇಟ್ಟುಕೊಂಡದ್ದಕ್ಕೆ ಆಗಬೇಕಾದ ಗತಿಯೇ ಆಯಿತು.

ಆಸ್ಟಿನ್ನಿನಲ್ಲಿ ಆದದ್ದು

ಈಗ ಇದಕ್ಕೆ ಬೇರೆಯವರು ಕಂಡುಕೊಂಡ ದಾರಿಯನ್ನು ಹೇಳುತ್ತೇನೆ. ಬಡ ದೇಶಗಳ ಮಕ್ಕಳಿಗೆಲ್ಲ ಒಂದೊಂದು ಅಗ್ಗದ ಲ್ಯಾಪ್‌ಟಾಪ್ ಎಂಬ ಯೋಜನೆಯೊಂದನ್ನು ನಿಕೊಲಸ್ ನೆಗ್ರೊಪಾಂಟೆ ಎಂಬವರು 2005ರಲ್ಲಿ ಸಾರಿದ್ದರು. ಹಸಿರು ಬಿಳಿ ಬಣ್ಣದ ಆ ಯಂತ್ರ 2007ರ ಕೊನೆಯ ಹೊತ್ತಿಗೆ ಕಾರ್ಖಾನೆಯಿಂದ ಹೊರಬರತೊಡಗಿತು. ಅದರೊಳಗಿನ ಸ್ವತಂತ್ರ ತಂತ್ರಾಂಶದ ಹೆಸರು ಶುಗರ್. ಅದನ್ನು ಬೆಳೆಸಲು 2008ರಲ್ಲಿ ಶುಗರ್ ಲ್ಯಾಬ್ಸ್ ಎಂಬ ಪ್ರತ್ಯೇಕ ಸಂಸ್ಥೆ ಹುಟ್ಟಿತು. ನಮ್ಮ ಟರ್ಟಲ್ ಬ್ಲಾಕ್ಸ್ ಕೂಡ ಅದೇ ಬಳ್ಳಿಯ ಕಾಯಿ. ಮಕ್ಕಳ ಕೈಗೆ ಯಂತ್ರ ಹೋಗುತ್ತಿತ್ತು, ಆದರೆ ತಂದೆತಾಯಿಗಳೂ ಮೇಷ್ಟ್ರುಗಳೂ ಓದಿ ತಿಳಿಯಬಹುದಾದ ಒಳ್ಳೆಯ ಕೈಪಿಡಿ ಇರಲಿಲ್ಲ.

ನ್ಯೂಜಿಲೆಂಡಿನ ಆಡಮ್ ಹೈಡ್ ಎಂಬವರು ಆ ವೇಳೆಗೆ ಫ್ಲಾಸ್ ಮ್ಯಾನ್ಯುಯಲ್ಸ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಸ್ವತಂತ್ರ ತಂತ್ರಾಂಶಗಳಿಗೆ ಸ್ವತಂತ್ರ ಕೈಪಿಡಿಗಳನ್ನು ಸ್ವಯಂಸೇವಕರಿಂದಲೇ ಬರೆಸುವುದು ಅದರ ಕೆಲಸ. 2008ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬರಹಗಾರರ ಒಂದು ಕೂಟ ಸೇರಿತು. ಅದಕ್ಕೆ ಮುಂದಾಗಿ ನಿಂತವರಲ್ಲಿ ಆನ್ ಜೆಂಟಲ್ ಎಂಬ ಮಹಿಳೆ ಒಬ್ಬರು. ಯಂತ್ರಗಳ ಕೈಪಿಡಿ ಬರೆಯುವುದೇ ಅವರ ಉದ್ಯೋಗ. ಲ್ಯಾಪ್‌ಟಾಪಿನ ಮತ್ತು ಶುಗರಿನ ಕೈಪಿಡಿಗಳನ್ನು ಆ ಕೂಟ ದಿನಗಳ ಲೆಕ್ಕದಲ್ಲಿ ಸಿದ್ಧಮಾಡಿತು, ವರ್ಷಗಳ ಲೆಕ್ಕದಲ್ಲಲ್ಲ.

ಇಂಥ ಕೂಟದ ಕ್ರಮವನ್ನು ಗಮನಿಸಬೇಕು. ಮೊದಲು ಓದುವವರು ಯಾರು ಎಂದು ತೀರ್ಮಾನ. ಆ ಮೇಲೆ ಒಂದೊಂದು ಪಾಠದ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು, ಎಲ್ಲರೂ ಸೇರಿ ಅವುಗಳನ್ನು ಅನುಕ್ರಮವಾಗಿ ಜೋಡಿಸುವುದು. ಪಾಠಗಳನ್ನು ಹಂಚಿಕೊಂಡು ಬರೆಯುವುದು. ಒಬ್ಬ ಬರೆದದ್ದನ್ನು ಇನ್ನೊಬ್ಬ ಯಂತ್ರದ ಮುಂದೆ ಕೂತು ಮಾಡಿ ನೋಡುವುದು, ಮೂರನೆಯವನು ಭಾಷೆ ತಿದ್ದುವುದು. ಎದುರಿಗೆ ಬರಲಾಗದವರು ದೂರದಿಂದಲೇ ಅದೇ ಪುಟವನ್ನು ತೆರೆದು ತಿದ್ದಬಹುದು. ಯಾವ ವಾಕ್ಯವೂ ಯಾರ ಖಾಸಗಿ ಸ್ವತ್ತೂ ಅಲ್ಲ. ಆದರೆ ದುಡಿದವರ ಹೆಸರು ಪುಸ್ತಕದಲ್ಲಿ ಉಳಿಯುತ್ತದೆ.

ಹೊಸಬರ ಕಣ್ಣು ಏಕೆ ಬೇಕು ಎಂಬುದಕ್ಕೆ ಶುಗರಿನದೇ ಒಂದು ಉದಾಹರಣೆ ಕೊಡುತ್ತೇನೆ. ಕಚೇರಿಯ ಕಂಪ್ಯೂಟರಿನಲ್ಲಿ ಪಳಗಿದವನು ಕೆಲಸ ಮುಗಿಸಿದೊಡನೆ 'ಉಳಿಸು' ಎಂಬ ಗುಂಡಿಯನ್ನು ಹುಡುಕುತ್ತಾನೆ. ಶುಗರಿನಲ್ಲಿ ಮಗು ಮಾಡಿದ್ದೆಲ್ಲ ತಾನಾಗಿಯೇ ಒಂದು ದಿನಚರಿಯೊಳಗೆ ಸೇರುತ್ತದೆ. ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಪಳಗಿದವನೊಬ್ಬನೇ ಕೈಪಿಡಿ ಬರೆದರೆ ಇಲ್ಲದ ತೊಡಕನ್ನು ಕಲಿಸುತ್ತಾನೆ. ನಮ್ಮಲ್ಲಿ ಇದು ತಿರುಗುಮುರುಗಾಗಿ ಆಯಿತು. ಕೋನ್ ವೈಂಡಿಂಗ್ ವಿಭಾಗದಿಂದ ಬರುವ ಒಬ್ಬ ಹುಡುಗಿ ಒಂದು ದಿನ, "ಮೇಷ್ಟ್ರೇ, 'ಉಳಿಸು' ಅಂತ ಇದೆ. ನಾನು ಇನ್ನೂ ಏನೂ ಗಳಿಸೇ ಇಲ್ಲ, ಏನನ್ನ ಉಳಿಸಲಿ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. 'ನೀನು ಬರೆದದ್ದು ಅಳಿಸಿಹೋಗದ ಹಾಗೆ ಇಟ್ಟುಕೊಳ್ಳಲು ಇದನ್ನು ಒತ್ತು' ಎಂಬ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಆ ಸಾಲನ್ನು ಬರೆಯಬೇಕಾದವಳು ಆ ಹುಡುಗಿಯೇ.

ಶುಗರಿಗೆ ಹೊಸ ಆಟಪಾಠಗಳನ್ನು ತಯಾರಿಸುವುದು ಹೇಗೆಂಬ ಪುಸ್ತಕವನ್ನು ಜೇಮ್ಸ್ ಸಿಮನ್ಸ್ ಎಂಬವರು ಮುಂದೆ ಅದೇ ಫ್ಲಾಸ್ ಮ್ಯಾನ್ಯುಯಲ್ಸ್‌ಗಾಗಿ ಬರೆದರು. ಸ್ವಯಂಸೇವಕರು ಅದನ್ನು ಸ್ಪ್ಯಾನಿಷ್ ಭಾಷೆಗೂ ತಂದರು. ಆ ಯಂತ್ರಗಳು ಬಹುಸಂಖ್ಯೆಯಲ್ಲಿ ಹೋದದ್ದು ಪೆರು, ಉರುಗ್ವೆಗಳಂಥ ಸ್ಪ್ಯಾನಿಷ್ ಆಡುವ ದೇಶಗಳಿಗೆ. ಅನುವಾದಕ್ಕೆ ಯಾರ ಅಪ್ಪಣೆಗೂ ಕಾಯಬೇಕಾಗಿರಲಿಲ್ಲ. ಸ್ವಾತಂತ್ರ್ಯವೆಂದರೆ ಇದು.

ಯಂತ್ರವೊಂದೇ ಪವಾಡ ಮಾಡದು

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನಾನು ಮಾರಾಟಗಾರನಾದೇನು. ಪೆರು ದೇಶದ ಸರಕಾರ ಎಂಟು ಲಕ್ಷಕ್ಕೂ ಹೆಚ್ಚು ಆ ಲ್ಯಾಪ್‌ಟಾಪುಗಳನ್ನು ಹಂಚಿತು. ಅಲ್ಲಿನ ಹಳ್ಳಿಗಾಡಿನ 319 ಶಾಲೆಗಳಲ್ಲಿ ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕಿನವರು ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಪರೀಕ್ಷೆಯ ಫಲ ಉತ್ತಮಗೊಂಡ ಗುರುತು ಸಿಗಲಿಲ್ಲ. ಆಲೋಚನಾಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಪ್ರಗತಿ ಕಂಡಿತು. ಕೈಪಿಡಿಯೊಂದಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಯಂತ್ರವನ್ನು ಕೈಗಿಟ್ಟೊಡನೆ ವಿದ್ಯೆ ಬಂತೆಂದು ಭ್ರಮಿಸಬಾರದೆಂಬುದಕ್ಕೆ ಇಷ್ಟು ಸಾಕು. ಕಲಿಸುವ ಮೇಷ್ಟ್ರು ಬೇಕು, ಅವರ ಕೈಯಲ್ಲಿ ತಮಗೆ ಒಗ್ಗುವ ಪುಸ್ತಕ ಬೇಕು.

ನಮ್ಮ ಕರ್ನಾಟಕದಲ್ಲೇ ಸರಕಾರಿ ಪ್ರೌಢಶಾಲೆಗಳ ಮೇಷ್ಟ್ರುಗಳು ಈ ದಾರಿಯಲ್ಲಿ ಹೆಜ್ಜೆ ಇಟ್ಟಿದ್ದಾರೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಎಂಬ ಜಾಲತಾಣವನ್ನು ಕಳೆದ ದಶಕದಲ್ಲಿ ರಾಜ್ಯದ ಶಿಕ್ಷಣ ಇಲಾಖೆಯವರೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯವರೂ ಸೇರಿ ಕಟ್ಟಿದರು. ವಿಕಿಪೀಡಿಯಕ್ಕೆ ಆಧಾರವಾದ ಅದೇ ತಂತ್ರಾಂಶದ ಮೇಲೆ ಅದು ನಿಂತಿದೆ. ಶಿಕ್ಷಕರು ತಾವೇ ಪುಟಗಳನ್ನು ಬರೆದು, ತಿದ್ದಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇಟ್ಟಿದ್ದಾರೆ. ರೇಖಾಗಣಿತ ಕಲಿಸುವ ಜಿಯೋಜೀಬ್ರಾದಂಥ ಸಾಧನಗಳನ್ನು ಬಳಸುವುದು ಹೇಗೆಂಬ ಪುಟಗಳು ಅಲ್ಲಿ ಇವೆ. ಮುಂಬಯಿಯ ಐಐಟಿಯವರ ಸ್ಪೋಕನ್ ಟ್ಯುಟೋರಿಯಲ್ ಎಂಬ ಇನ್ನೊಂದು ಯೋಜನೆ ಕಿವಿಯಲ್ಲಿ ಕೇಳಿ, ಕಣ್ಣಲ್ಲಿ ನೋಡಿ ಕಲಿಯುವ ಪಾಠಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಕೊಡುತ್ತದೆ. ಅವರದೊಂದು ಒಳ್ಳೆಯ ನಿಯಮವಿದೆ. ಪಾಠದ ಬರಹವನ್ನು, ಆ ತಂತ್ರಾಂಶದ ಗಂಧವಿಲ್ಲದ ಹೊಸಬನೊಬ್ಬ ಓದಿ ಮಾಡಿ ನೋಡಬೇಕು. ಅವನು ಎಡವಿದರೆ ತಪ್ಪು ಬರಹದ್ದು, ಅವನದ್ದಲ್ಲ. ಈ ನಿಯಮವನ್ನು ನಮ್ಮ ಗೋಡೆಯ ಮೇಲೆ ಬರೆಯಿಸಬೇಕೆಂದು ನನ್ನ ಆಸೆ.

ಇದು ಬಿಟ್ಟಿಯೋ ಮುಯ್ಯಿಯೋ?

ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳುವ ಪ್ರಶ್ನೆ ನನಗೆ ಈಗಲೇ ಕೇಳಿಸುತ್ತಿದೆ. "ಕೂಲಿಗಾಗಿ ಬಡಿದಾಡಿದವರು ನಾವು. ಈಗ ನೀವೇ ಬಂದು ಪುಕ್ಕಟೆ ದುಡಿಯಿರಿ ಅಂತೀರಲ್ಲ?" ನ್ಯಾಯವಾದ ಪ್ರಶ್ನೆ. ಇದನ್ನು ಹಾರಿಸಿ ಹೋಗುವಂತಿಲ್ಲ.

ಹಳ್ಳಿಯಿಂದ ಬಂದವರಿಗೆಲ್ಲ ಎರಡು ಮಾತು ಗೊತ್ತು. ಗೌಡನ ಹೊಲದಲ್ಲಿ ಕೂಲಿಯಿಲ್ಲದೆ ದುಡಿಯುವುದು ಬಿಟ್ಟಿ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಎಂದು ದುಡಿಯುವುದು ಮುಯ್ಯಾಳು. ಎರಡರಲ್ಲೂ ಹಣ ಕೈ ಬದಲಾಯಿಸುವುದಿಲ್ಲ. ಆದರೆ ಒಂದರಲ್ಲಿ ಬೆಳೆ ಇನ್ನೊಬ್ಬನ ಕಣಜಕ್ಕೆ. ಇನ್ನೊಂದರಲ್ಲಿ ನಮ್ಮ ನಮ್ಮ ಕಣಜಕ್ಕೆ. ಜೀಕಾಂಪ್ರಿಯನ್ನು ಯಾರೋ ನಮಗಾಗಿ ಬರೆದರು. ನಾವು ಅದರ ಕನ್ನಡ ಕೈಪಿಡಿಯನ್ನು ಬರೆದರೆ ಅದು ಮುಯ್ಯಿ ತೀರಿಸಿದಂತೆ.

ಆದರೆ ಮುಯ್ಯಿ ಯಾವಾಗ ಬಿಟ್ಟಿಯಾಗುತ್ತದೆಂಬುದನ್ನೂ ತಿಳಿದಿರಬೇಕು. ನಾವು ಬರೆದದ್ದನ್ನು ಒಬ್ಬ ವ್ಯಾಪಾರಿ ಮುದ್ರಿಸಿ ಮಾರಿದರೆ ನನ್ನ ತಕರಾರಿಲ್ಲ. ಕಾಗದಕ್ಕೂ ಶಾಯಿಗೂ ಬೆಲೆಯುಂಟು. ಆದರೆ ಅದನ್ನೇ ತಿದ್ದಿ, ಇನ್ನು ಮೇಲೆ ಇದು ನನ್ನ ಸ್ವತ್ತು, ಯಾರೂ ನಕಲು ಮಾಡಕೂಡದು ಎಂದರೆ ಅದು ಬಿಟ್ಟಿ. ಆದುದರಿಂದಲೇ, ಪಡೆದವನು ತಿದ್ದಿ ಹಂಚುವಾಗ ಅದೇ ಸ್ವಾತಂತ್ರ್ಯವನ್ನು ಮುಂದಿನವನಿಗೂ ಕೊಡತಕ್ಕದ್ದು ಎಂಬ ಕರಾರನ್ನು ಮೊದಲ ಪುಟದಲ್ಲೇ ಹಾಕಬೇಕು. ಹಾಗೆಯೇ, ಸ್ವಯಂಸೇವಕರು ಬರೆಯುತ್ತಾರಲ್ಲ ಎಂಬ ನೆಪದಿಂದ ಸರಕಾರ ಕಂಪ್ಯೂಟರ್ ಶಿಕ್ಷಕರ ನೇಮಕವನ್ನು ಕೈಬಿಟ್ಟರೆ ಅದೂ ಬಿಟ್ಟಿಯೇ. ನಮ್ಮ ಕೈಪಿಡಿ ಶಿಕ್ಷಕರ ಸಂಬಳಕ್ಕೆ ಕುತ್ತಾಗಬಾರದು. ಬರೆಯುವ ಕೈಯೇ ಆ ಬೇಡಿಕೆಯ ಅರ್ಜಿಯನ್ನೂ ಬರೆಯಬೇಕು.

ಇನ್ನೊಂದು ವ್ಯತ್ಯಾಸವುಂಟು. ದಿನಗಟ್ಟಲೆ ಒಂದೆಡೆ ಕೂತು ಬರೆಯುವವರು ಅಷ್ಟು ಬಿಡುವು ಮಾಡಿಕೊಳ್ಳಬಲ್ಲವರು. ನಮ್ಮಲ್ಲಿ ಅನೇಕರಿಗೆ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯಿತು. ಆದುದರಿಂದ ಅವರ ಕ್ರಮವನ್ನು ತೆಗೆದುಕೊಳ್ಳೋಣ, ಅವರ ವೇಗವನ್ನು ಬೇಡ.

ನಾನು ಬೇಡುವ ಕೆಲಸ

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಕೋಣೆಯ ಬೀಗ ತೆಗೆಯುತ್ತೇವೆ. ಎರಡು ಗಂಟೆಯ ಕೆಲಸ. ಮೊದಲ ತಿಂಗಳಿಗೆ ನಾಲ್ಕೇ ಪಾಠ: ಯಂತ್ರವನ್ನು ಹಚ್ಚುವುದು ಮತ್ತು ಆರಿಸುವುದು, ಟಕ್ಸ್ ಪೇಂಟಿನಲ್ಲಿ ಚಿತ್ರ ಬರೆದು ಇಟ್ಟುಕೊಳ್ಳುವುದು, ಜೀಕಾಂಪ್ರಿಯಲ್ಲಿ ಲೆಕ್ಕದ ಆಟ ಆಡಿಸುವುದು, ಆಮೆಯಿಂದ ಒಂದು ಚೌಕ ಎಳೆಸುವುದು. ಭಾನುವಾರಕ್ಕೆ ಒಂದು ಪಾಠ, ಪಾಠಕ್ಕೆ ಎರಡು ಪುಟ, ಹೆಚ್ಚಿಲ್ಲ.

ಪ್ರತಿ ಪಾಠಕ್ಕೂ ಮೂವರು. ಬಲ್ಲವರೊಬ್ಬರು ಮಾಡಿ ತೋರಿಸಬೇಕು. ನಿನ್ನೆ ಮೊನ್ನೆ ಕಲಿತವರೊಬ್ಬರು ಅದನ್ನು ಬರೆಯಬೇಕು. ಏಕೆಂದರೆ ಎಲ್ಲಿ ಮುಗ್ಗರಿಸಿದೆವೆಂಬುದು ಅವರಿಗೆ ಇನ್ನೂ ನೆನಪಿರುತ್ತದೆ. ಏನೂ ತಿಳಿಯದವರೊಬ್ಬರು ಓದಿ ಮಾಡಿ ನೋಡಬೇಕು. ಹೀಗಾಗಿ, ನನಗೇನು ಗೊತ್ತು ಎಂದು ಮನೆಯಲ್ಲಿ ಕೂರುವ ನೆಪ ಯಾರಿಗೂ ಇಲ್ಲ. ಗೊತ್ತಿಲ್ಲದವರೇ ನಮಗೆ ಹೆಚ್ಚು ಬೇಕಾದವರು! ರಿಂಗ್ ಫ್ರೇಮಿನ ಮೇಲೆ ಹರಿದ ನೂಲನ್ನು ಮತ್ತೆ ಕೂಡಿಸುವುದನ್ನು ತಮಗೆ ಯಾವ ಇಂಗ್ಲಿಷ್ ಪುಸ್ತಕ ಕಲಿಸಿತು? ಪಕ್ಕದ ಯಂತ್ರದ ಅಕ್ಕ ಕಲಿಸಿದಳು. ಆ ಅಕ್ಕನ ಮಾತಿನ ಧಾಟಿಯಲ್ಲೇ ಕೈಪಿಡಿ ಇರಲಿ. 'ಕಡತ', 'ಆಯ್ಕೆಪಟ್ಟಿ' ಎಂಬ ಮಾತುಗಳು ನಾಲಿಗೆಗೆ ಒಗ್ಗದಿದ್ದರೆ ಫೈಲು, ಮೆನು ಎಂದೇ ಬರೆಯಿರಿ.

ವ್ಯಾಪಾರಿ ಮಿತ್ರರಲ್ಲಿ ಒಂದು ಕೋರಿಕೆ. ಕಾಗದ ಮಾರುವವರು ಒಂದು ರೀಮ್ ಕಾಗದ ಕೊಡಿ. ಜೆರಾಕ್ಸ್ ಅಂಗಡಿಯವರು ಖರ್ಚಿನ ದರಕ್ಕೆ ಪ್ರತಿ ತೆಗೆದುಕೊಡಿ. ಅದರ ಲೆಕ್ಕವನ್ನು ಗೋಡೆಗೆ ಅಂಟಿಸುತ್ತೇವೆ. ಬರಹದ ಮೂಲ ಪ್ರತಿ ಆರೂ ಯಂತ್ರಗಳಲ್ಲಿ ಇರುತ್ತದೆ, ಒಬ್ಬನ ಚೀಲದಲ್ಲಲ್ಲ. ತಪ್ಪು ಕಂಡವರು ತಿದ್ದಿ, ತಿದ್ದಿದ ದಿನಾಂಕ ಮತ್ತು ಹೆಸರು ಹಾಕಬೇಕು. ಹೊಸ ಆವೃತ್ತಿ ಬಂದಾಗ ಆ ವಾರ ಕೋಣೆಯಲ್ಲಿದ್ದವರು ಪಾಠ ಬದಲಾಯಿಸಬೇಕು, ನನಗಾಗಿ ಕಾಯಬಾರದು. ಮೊದಲ ಪುಟದಲ್ಲಿ ಬರೆದವರ, ತಿದ್ದಿದವರ, ಓದಿ ಎಡವಿದವರ ಹೆಸರುಗಳೆಲ್ಲ ಒಂದೇ ಗಾತ್ರದ ಅಕ್ಷರದಲ್ಲಿ ಇರುತ್ತವೆ.

ಮಿತ್ರರೆ, ಈ ಕೈಪಿಡಿಯಿಂದ ನಾಳೆಯೇ ನಮ್ಮ ಮಕ್ಕಳೆಲ್ಲ ಎಂಜಿನಿಯರಾಗುತ್ತಾರೆಂದು ನಾನು ಭರವಸೆ ಕೊಡುವುದಿಲ್ಲ. ಇಷ್ಟು ಮಾತ್ರ ಆಗಬಹುದು: ಮುಂದಿನ ಸಲ ಆ ಇಬ್ಬರಿಗೆ ಎರಡನೆಯ ಪಾಳಿ ಬಿದ್ದಾಗ ಆ ಕೋಣೆಗೆ ಬೀಗ ಬೀಳುವುದಿಲ್ಲ. ಎಂಟು ವರ್ಷದ ಮಗಳು ಓದಿ ಹೇಳುತ್ತಾಳೆ, ಅವಳ ತಾಯಿ ಮಾಡಿ ನೋಡುತ್ತಾಳೆ. ಅಷ್ಟಾದರೆ ಈ ಸಭೆ ಸಾರ್ಥಕ.

ಭಾನುವಾರ ಹತ್ತು ಗಂಟೆ. ಕೀಲಿ ನನ್ನ ಹತ್ತಿರ ಇದೆ; ಅದನ್ನು ಯಾರ ಕೈಗಾದರೂ ಒಪ್ಪಿಸುವ ಆತುರದಲ್ಲಿ ಇದ್ದೇನೆ.